ಹೆಸರು ಕೇಳದ ವೈಫೈ

ಹೆಮ್ಮಿಗೆ ದಾರಿಯಲ್ಲಿರುವ ನಮ್ಮ ಸಣ್ಣ ಮಠದಲ್ಲಿ ಊಟಕ್ಕೆ ಕೂತವರ ಹೆಸರು ಕೇಳುವ ಪದ್ಧತಿಯಿಲ್ಲ. ಎಲೆ ಹಾಕಬೇಕು, ಬಡಿಸಬೇಕು, ಸಾಕು ಎಂದಾಗ ನಿಲ್ಲಿಸಬೇಕು. ಯಾವ ಊರು, ಯಾವ ಕೇರಿ, ಯಾರ ಮಗ ಎಂದು ಕೇಳಿದರೆ ದಾಸೋಹ ಅಲ್ಲಿಗೇ ಕೆಟ್ಟಿತು. ಇದನ್ನು ಯಾರೂ ಗೋಡೆಯ ಮೇಲೆ ಬರೆಸಿಲ್ಲ. ಮೂವತ್ತು ವರ್ಷದಿಂದ ಅಡುಗೆಮನೆ ನೋಡಿಕೊಳ್ಳುತ್ತಿರುವ ಪುಟ್ಟಬಸಮ್ಮನವರ ಮುಖ ನೋಡಿದರೆ ಸಾಕು, ಹೊಸಬರಿಗೂ ತಿಳಿಯುತ್ತದೆ.

ಆದರೆ ಮಠದ ವೈಫೈ ಹೆಸರು ಕೇಳುತ್ತಿತ್ತು.

ಭಕ್ತರೊಬ್ಬರು ಕೊಟ್ಟ ಏಳು ಬಿಳಿ ಡಬ್ಬಿಗಳು ವಾಚನಾಲಯ, ದಾಸೋಹದ ಮನೆ, ಹಾಸ್ಟೆಲ್ಲುಗಳ ಚಾವಣಿಗೆ ಅಂಟಿಕೊಂಡಿದ್ದವು. ಡಬ್ಬಿಗಳು ಮಠದವು; ಅವುಗಳನ್ನು ಆಳುವ ಸಾಫ್ಟ್‌ವೇರ್ ಮಾತ್ರ ವೈಫೈ ಹಾಕಿಕೊಟ್ಟ ನಂಜನಗೂಡಿನ ಸೋಮಶೇಖರನ ಆಫೀಸಿನಲ್ಲಿತ್ತು. ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಯಾವ ಡಬ್ಬಿಗೆ ಯಾವ ಪಾಸ್‌ವರ್ಡ್, ಯಾರನ್ನು ಒಳಗೆ ಬಿಡಬೇಕು ಎಂದು ಡಬ್ಬಿಗಳಿಗೆ ಹೇಳಿಕೊಡುವುದು ಅದೇ. ಮಠದಲ್ಲಿ ಯಾರು ಫೋನ್ ತೆಗೆದರೂ ಸೋಮಶೇಖರನ ಪುಟವೊಂದು ಎದುರು ಬರುತ್ತಿತ್ತು. ಹೆಸರು, ತಂದೆಯ ಹೆಸರು, ಊರು, ಮೊಬೈಲ್ ನಂಬರ್ ತುಂಬಿದರಷ್ಟೇ ಇಂಟರ್ನೆಟ್ಟು.

ವಾಚನಾಲಯ ನೋಡಿಕೊಳ್ಳುವ ನಯನ ಮೊದಮೊದಲು ಇದನ್ನು ಅಷ್ಟಾಗಿ ಯೋಚಿಸಿರಲಿಲ್ಲ. ರೋಜಾ ಬರುವುದು ನಿಂತ ಮೇಲೆ ಯೋಚಿಸಿದಳು. ರೋಜಾ ಕಾಲುವೆಯಾಚೆ ಕೇರಿಯ ಗೋವಿಂದಯ್ಯನವರ ಮಗಳು. ನರ್ಸಿಂಗ್ ಓದುವ ಹುಡುಗಿ. ದಿನಾ ಮಧ್ಯಾಹ್ನ ಕಿಟಕಿ ಪಕ್ಕ ಕೂತು ಪಾಠದ ವಿಡಿಯೊ ನೋಡುತ್ತಿದ್ದಳು. ಹುಡುಕಿಕೊಂಡು ಹೋದ ನಯನಳಿಗೆ ಗೋವಿಂದಯ್ಯ ಜಗುಲಿಯ ಮೇಲಿಂದಲೇ ಹೇಳಿದರು:

"ಯಾವನೋ ಫೋನ್ ಮಾಡ್ತಾನೆ ಕಣವ್ವ. ಗೋವಿಂದಯ್ಯನ ಮಗ್ಳು ರೋಜಾ ಅಲ್ವಾ, ಕೋಚಿಂಗ್ ಸೇರ್ಕೋ ಅಂತಾನೆ. ಇನ್ನೊಬ್ಬ ಊರೆಸ್ರೂ ಏಳಿ, ಗಂಡು ತೋರುಸ್ಲಾ ಅಂತಾನೆ. ನಿಮ್ ಮಠ ಬಿಟ್ರೆ ಇವ್ಳು ಎಲ್ಲೂ ನಂಬರ್ ಕೊಟ್ಟಿಲ್ಲ. ಉಣ್ಣಕ್ಕೆ ಕೂತ್ರೆ ಎಸ್ರು ಕೇಳ್ದೆ ಇರೋರು, ಓದಕ್ಕೆ ಕೂತ್ರೆ ಅಪ್ಪನ್ ಎಸ್ರೂ ಕೇಳ್ತೀರಲ್ಲ!"

ನಯನ ತಿರುಗಿ ನಡೆದಳು. ಮಠಕ್ಕೆ ಬಂದವಳೇ ಸೋಮಶೇಖರನಿಗೆ ಫೋನ್ ಮಾಡಿದಳು.

"ಆ ಪುಟ ತೆಗ್ದಾಕಿ ಸಾರ್."

"ಆಗಲ್ಲ ಮೇಡಂ. ಎಲ್ಲಾ ನಮ್ ಸರ್ವರ್ ಮೇಲೆ ನಿಂತಿರೋದು. ಅದು ಒಂದ್ ನಿಮ್ಷ ಆಫ್ ಆದ್ರೆ ನಿಮ್ ಮಠದ ವೈಫೈ ಪೂರ್ತಿ ಸತ್ತೋಯ್ತದೆ. ಗೊತ್ತಿಲ್ದೆ ಕೈ ಆಕ್ಬೇಡಿ."

ಗೊತ್ತು ಮಾಡಿಕೊಂಡೇ ಕೈ ಹಾಕುತ್ತೇನೆ ಎಂದುಕೊಂಡಳು ನಯನ. ಮೈಸೂರಿನಿಂದ ಅಂಗೈಯಗಲದ ಬೋರ್ಡೊಂದನ್ನು ತಂದಳು. ಅದೂ ಕಂಪ್ಯೂಟರೇ, ಪರದೆಯಿಲ್ಲ, ಕೀಬೋರ್ಡಿಲ್ಲ, ಮೇಲೊಂದು ಮುಚ್ಚಳವೂ ಇಲ್ಲ. ಎರಡು ವಾರ ಓದಿದಳು, ತಪ್ಪು ಮಾಡಿದಳು, ಅಳಿಸಿ ಮತ್ತೆ ಹಾಕಿದಳು. ಕೊನೆಗೆ ಸೋಮಶೇಖರನ ಆಫೀಸಿನಲ್ಲಿದ್ದಂಥದೇ ಕಂಟ್ರೋಲರ್ ಆ ಬೋರ್ಡಿನೊಳಗೆ ಓಡತೊಡಗಿತು.

ಕಮಿಟಿಯ ಅಧ್ಯಕ್ಷರಾದ ಶಂಭುಲಿಂಗಪ್ಪನವರು ಬಗ್ಗಿ ನೋಡಿದರು. "ಏನವ್ವ ಇದು, ಒಂದು ಬೆಲ್ಲದಚ್ಚಿನಷ್ಟಿಲ್ಲ. ಇದು ಏಳು ಡಬ್ಬಿ ಆಳ್ತದಾ?"

ಅಕ್ಕಿ ಆರಿಸುತ್ತಿದ್ದ ಪುಟ್ಟಬಸಮ್ಮ ಮೊರದಿಂದ ಕಣ್ಣೆತ್ತದೆ ಅಂದರು: "ನಿಮ್ ಎದೆ ಮೇಲಿರೋ ಲಿಂಗ ಏನ್ ಬೆಟ್ಟದಷ್ಟು ಅದೆಯಾ ಶಂಭುಲಿಂಗಪ್ಪೋರೇ? ಲೋಕಾನೇ ಆಳ್ತಿಲ್ವಾ?"

ಸುತ್ತಲಿದ್ದವರು ನಕ್ಕರು. ಅಧ್ಯಕ್ಷರಿಗೆ ನಗು ಬರಲಿಲ್ಲ. "ಆಗ್ಲಿ. ಅಮಾಸೆ ದಿವ್ಸ ಎಂಟ್ನೂರು ಜನ ಬತ್ತಾರೆ. ಅವತ್ತು ನಡ್ಸಿ ತೋರ್ಸು. ವೈಫೈ ನಿಂತೋದ್ರೆ ವಾಚನಾಲಯದ ಬೀಗದ ಕೈ ನನ್ ಕೈಗೆ ಕೊಟ್ಟು ಮನೆಗೋಗು. ಸೋಮಶೇಖರನ ಪುಟ ಇದ್ದಂಗೆ ಇರ್ತದೆ."

"ನಡುದ್ರೆ ಆ ಪುಟ ಮತ್ತೆ ಮಠದೊಳಕ್ಕೆ ಕಾಲಿಡ್ಕೂಡ್ದು."

"ಸಿವನಾಣೆ."

ಅಮಾವಾಸ್ಯೆಯ ಬೆಳಿಗ್ಗೆ ನಯನ ಸೀರೆಯ ಪಿನ್ನು ಹಿಡಿದು ಏಣಿ ಹತ್ತಿದಳು. ಡಬ್ಬಿಯ ಹಿಂಭಾಗದ ಸಣ್ಣ ತೂತಿನಲ್ಲಿ ಪಿನ್ನು ಚುಚ್ಚಿ ಹತ್ತೆಣಿಸುವಷ್ಟು ಹೊತ್ತು ಒತ್ತಿಹಿಡಿದರೆ, ಡಬ್ಬಿ ತನ್ನ ಹಳೆಯ ಯಜಮಾನನನ್ನು ಮರೆಯುತ್ತದೆ. ಮರೆತದ್ದನ್ನು ಬೋರ್ಡು ತನ್ನ ಕಡೆಗೆ ಸೇರಿಸಿಕೊಳ್ಳುತ್ತಿತ್ತು. ಒಂದಾದ ಮೇಲೊಂದು ಏಳೂ ಸೇರಿದವು. ಪುಟ ಹೋಯಿತು. ದಾಸೋಹದ ಮನೆಯ ಹೊರಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಪಾಸ್‌ವರ್ಡ್ ಬರೆದಳು, ಎಲ್ಲರಿಗೂ ಒಂದೇ.

ಹನ್ನೊಂದು ಗಂಟೆಗೆ ಸೋಮಶೇಖರ್ ಬೈಕಿನಲ್ಲಿ ಬಂದಿಳಿದ. ಅವನ ಪರದೆಯಲ್ಲಿ ಏಳು ಡಬ್ಬಿಗಳೂ ಕೆಂಪಾಗಿದ್ದವಂತೆ. ಅಧ್ಯಕ್ಷರನ್ನೂ ಕರೆದುಕೊಂಡು ಸೀದಾ ವಾಚನಾಲಯಕ್ಕೆ ನುಗ್ಗಿದ. ಹಾಸ್ಟೆಲ್ಲಿನ ಏಣಿ ಇಳಿದ ನಯನ ಓಡಿ ಬಂದು ನೋಡುತ್ತಾಳೆ, ಮೇಜಿನ ಮೇಲಿಟ್ಟಿದ್ದ ಬೋರ್ಡಿನ ದೀಪ ಆರಿದೆ.

ಬೋರ್ಡಿನ ಮೈಮೇಲೆ ಮೂರು ಗೀಟು ವಿಭೂತಿ, ಇನ್ನೂ ಹಸಿ. ಮೇಲೊಂದು ಬಿಲ್ವಪತ್ರೆ, ತೊಟ್ಟಿನಿಂದ ತೀರ್ಥದ ನೀರು ಇಳಿಯುತ್ತಿತ್ತು.

"ಒಸಾ ಸಾಮಾನು," ಎಂದರು ಬಾಗಿಲಲ್ಲಿ ನಿಂತ ಪುಟ್ಟಬಸಮ್ಮ, ದನಿ ಇಳಿಸಿ. "ಒಲೆ ತಂದ್ರೂ ಪೂಜೆ ಮಾಡ್ತೀವಿ, ಗ್ರೈಂಡರ್ ತಂದ್ರೂ ಮಾಡ್ತೀವಿ. ಇದ್ಕೆ ಯಾರೂ ಮಾಡಿರ್ಲಿಲ್ಲ ಮಗಾ. ಮೂರೇ ಗೀಟು ಎಳ್ದಿದ್ದು."

ಸೋಮಶೇಖರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾ ಬರೋದೇ ಬೇಕಿರ್ಲಿಲ್ಲ ಕಣಜ್ಜಿ. ನೀವೇ ಮುಗಿಸ್ಬುಟ್ರಿ."

ಅಧ್ಯಕ್ಷರು ಕೈ ಚಾಚಿದರು. "ಬೀಗದ ಕೈ ಕೊಡವ್ವ."

ನಯನ ಸೊಂಟದಿಂದ ಗೊಂಚಲು ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಅಳಬಾರದೆಂದು ಕಿಟಕಿಯಾಚೆ ನೋಡಿದಳು. ಹೊರಗೆ ಊಟಕ್ಕೆ ಕಾಯುತ್ತಿದ್ದ ಸಾಲಿನಲ್ಲಿ ಯಾರೋ ಒಬ್ಬ ಗೋಡೆಯ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ನೋಡಿಕೊಂಡು ಒತ್ತುತ್ತಿದ್ದ. ಒತ್ತಿ ಮುಗಿಸಿದ. ಫೋನಿನಿಂದ ಕ್ರಿಕೆಟ್ ಮ್ಯಾಚಿನ ಕೂಗು ಎದ್ದಿತು.

ಅವಳು ಓದಿದ್ದಳು, ಗಾಬರಿಯಲ್ಲಿ ಮರೆತಿದ್ದಳು. ಕಂಟ್ರೋಲರ್ ಹೇಳಿಕೊಡುವುದು ಒಂದೇ ಸಲ. ಆಮೇಲೆ ಡಬ್ಬಿಗಳು ಅದನ್ನು ನೆನಪಿಟ್ಟುಕೊಂಡು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ.

"ಅಧ್ಯಕ್ಷರೇ, ನಿಮ್ ಫೋನ್ ತೆಗೀರಿ. ಆ ಪಾಸ್‌ವರ್ಡ್ ಆಕಿ."

ಶಂಭುಲಿಂಗಪ್ಪನವರು ಕನ್ನಡಕ ಏರಿಸಿ ನಿಧಾನವಾಗಿ ಒತ್ತಿದರು. ಬನ್ನೂರಿನ ಮೊಮ್ಮಗಳು ಹಲ್ಲಿಲ್ಲದ ಬಾಯಲ್ಲಿ ನಗುವ ವಿಡಿಯೊ ತೆರೆದುಕೊಂಡಿತು. "ಬಂತಲ್ಲ!" ಎಂದರು.

ನಯನ ಸೋಮಶೇಖರನ ಕಡೆ ತಿರುಗಿದಳು. "ಸರ್ವರ್ ಒಂದ್ ನಿಮ್ಷ ನಿಂತ್ರೆ ಮಠದ ವೈಫೈ ಸಾಯ್ತದೆ ಅಂದ್ರಲ್ಲ ಸಾರ್? ನಂದು ಸತ್ತು ಬಿದ್ದದೆ, ನೋಡಿ. ವೈಫೈ ಯಾಕೆ ಸತ್ತಿಲ್ಲ?"

"ಅದು... ಲಾಗಿನ್ ಪುಟ ಇದ್ದಾಗ ಮೇಡಂ. ಪುಟಕ್ಕೆ ಸರ್ವರ್ ಬೇಕಲ್ವಾ."

"ಅಂಗನ್ನಿ. ಎಸ್ರು ಕೇಳಕ್ಕೆ ಮಾತ್ರ ನಂಜನಗೂಡು ಬೇಕಿತ್ತು. ವೈಫೈ ಕೊಡಕ್ಕೆ ಯಾರೂ ಬೇಕಿರ್ಲಿಲ್ಲ."

"ಆದ್ರೂ ಬೋರ್ಡು ನಿಂತದಲ್ಲ..." ಎಂದು ಅಧ್ಯಕ್ಷರು ರಾಗ ಎಳೆದರು.

ಪುಟ್ಟಬಸಮ್ಮ ಈಗ ದನಿ ಇಳಿಸಲಿಲ್ಲ. "ವೈಫೈ ನಿಂತೋದ್ರೆ ಅಂದ್ರಿ. ನಾ ಅಕ್ಕಿ ಆರುಸ್ತಾ ಕೇಳಿಸ್ಕೊಂಡಿವ್ನಿ. ಬೋರ್ಡು ಅಂದಿಲ್ಲ. ಸಿವನಾಣೆ ಇಟ್ಟಿದ್ದೂ ನೀವೇಯಾ."

ಶಂಭುಲಿಂಗಪ್ಪನವರು ಗೊಂಚಲನ್ನು ನಯನಳ ಮೇಜಿನ ಮೇಲಿಟ್ಟರು. ಆಣೆಗೆ ಹೆದರುವ ಮನುಷ್ಯ ಅವರು. ಆ ಒಳ್ಳೆಯತನ ಅವರಲ್ಲಿತ್ತು.

ಬೈಕ್ ಸ್ಟಾರ್ಟ್ ಮಾಡುತ್ತಿದ್ದ ಸೋಮಶೇಖರನ ಎದುರು ನಯನ ಹೋಗಿ ನಿಂತಳು. "ಇಷ್ಟ್ ದಿನ ಬರ್ಕೊಂಡ ಎಸ್ರುಗಳು?"

"ಅವು ನಮ್ ಡೇಟಾ ಮೇಡಂ."

"ಅಲ್ಲ. ನಾಳೆ ಬತ್ತೀನಿ, ಆಫೀಸಲ್ಲೇ ಇರಿ."

ಬೋರ್ಡು ಒಣಗಿದರೂ ಏಳಲಿಲ್ಲ. ಕಲಿಸಿದ್ದೆಲ್ಲ ಅದರ ಮೆಮೊರಿ ಕಾರ್ಡಿನಲ್ಲಿತ್ತು. ಕಾರ್ಡಿಗೆ ಏನೂ ಆಗಿರಲಿಲ್ಲ. ಹೊಸ ಬೋರ್ಡು ತಂದು ಕಾರ್ಡು ಸಿಕ್ಕಿಸಿದರಾಯಿತು. ಸಂಜೆ ನಯನ ಕಾಲುವೆ ದಾಟಿ ಹೋದಳು. ಗೋವಿಂದಯ್ಯ ಎಲ್ಲ ಕೇಳಿ, "ಅಳುಸ್ಲಿ ಮೊದ್ಲು. ಅಳ್ಸಿದ್ದ ನನ್ ಮಗ್ಳು ನೋಡ್ಲಿ. ಆಮೇಲೆ ಕಳುಸ್ತೀನಿ," ಎಂದರು.

ಮರುದಿನ ನಯನ, ರೋಜಾ ಇಬ್ಬರೂ ಟಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ನಂಜನಗೂಡಿಗೆ ಹೋದರು. ನಂಜುಂಡೇಶ್ವರನ ಗೋಪುರಕ್ಕೆ ಬೀದಿಯಿಂದಲೇ ಕೈ ಮುಗಿದು, ಸೋಮಶೇಖರನ ಆಫೀಸಿನ ಮೆಟ್ಟಿಲು ಹತ್ತಿದರು. ಹೆಸರುಗಳನ್ನು ಅಳಿಸಬೇಕೆಂದು ಅಧ್ಯಕ್ಷರು ಸಹಿ ಹಾಕಿಕೊಟ್ಟಿದ್ದ ಪತ್ರವನ್ನು ನಯನ ಅವನ ಮುಂದಿಟ್ಟಳು. ಅವನು ಓದಿ, ಸಪ್ಪಗೆ, "ಅಳುಸ್ತೀನಿ ಬಿಡಿ, ನೀವ್ ಹೊರಡಿ," ಎಂದ.

ರೋಜಾ ಕುರ್ಚಿ ಎಳೆದುಕೊಂಡು ಕೂತಳು. "ತೆಗೀರಿ ಸಾರ್. ನಾನೇ ಅಳುಸ್ತೀನಿ."

ಪರದೆಯ ಮೇಲೆ ಮಠಕ್ಕೆ ಬಂದುಹೋದವರ ಹೆಸರುಗಳು ಸಾಲುಗಟ್ಟಿ ನಿಂತವು. ಅವಳ ಹೆಸರು, ಪಕ್ಕದಲ್ಲಿ ಅಪ್ಪನ ಹೆಸರು.

"ನಿಮ್ದೊಂದು ಅಳ್ಸಿ ಸಾಕಲ್ವಾ?" ಎಂದ ಸೋಮಶೇಖರ್.

"ಎಲ್ಲಾರ್ದೂ."

ಅಳಿಸುವುದು ಖಚಿತವೇ ಎಂದು ಪರದೆ ಕೇಳಿತು. ರೋಜಾ ಯಾರ ಮುಖವನ್ನೂ ನೋಡದೆ ಒತ್ತಿದಳು. ಸಾಲುಗಳು ಮಾಯವಾದವು. ಸೋಮಶೇಖರ್ ಉಸಿರು ಬಿಟ್ಟು ಎದ್ದುನಿಂತ.

"ಈಗ ಬ್ಯಾಕಪ್ಪಲ್ಲಿರೋ ನಕಲು ತೆಗೀರಿ ಸಾರ್, ಅದ್ನೂ ಅಳುಸ್ತೀನಿ," ಎಂದಳು ರೋಜಾ, ಕುರ್ಚಿ ಬಿಡದೆ.