ಮೂರು ಮತ್ತು ನಾಲ್ಕರ ನಡುವೆ

"ಸ್ವಲ್ಪ ಓರೆ ಮಾಡಿ... ಕಾಲಿನ ಕಡೆ ಎತ್ತಿ."

ಮುದುಕಿಯ ಶವವಿಟ್ಟು ನಾಲ್ವರು ಹೊತ್ತಿದ್ದ ಸ್ಟ್ರೆಚರ್ ಮೂರನೇ ಸಲವೂ ಲಿಫ್ಟಿನ ಬಾಗಿಲಿಗೆ ತಗುಲಿ ನಿಂತಿತು. ಒಂದು ಗೇಣು ಜಾಗ ಸಾಲದು.

"ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದೋರು. ಇವತ್ತು ಲಿಫ್ಟೇ ಒಳಗೆ ಬಿಡ್ತಿಲ್ಲ ನೋಡಿ," ಎಂದರು ಪಕ್ಕದ ಮನೆಯ ಮೇಷ್ಟ್ರು. ಯಾರೋ ನಕ್ಕು, ತಕ್ಷಣ ಕೆಮ್ಮಿ ಸರಿಮಾಡಿಕೊಂಡರು.

ಐದು ಮಹಡಿ ಮೆಟ್ಟಿಲೇ ಗತಿ ಎಂದಾಯಿತು.

ತೀರಿಕೊಂಡವಳ ಮಗಳು ಗೋಡೆಗೆ ಒರಗಿದ್ದಳು. ವಯಸ್ಸು ನಲವತ್ತೇಳು, ಔಷಧಿ ಅಂಗಡಿಯಲ್ಲಿ ಕೆಲಸ. ಎದೆಯಿಂದೆದ್ದ ಬಿಸಿ ಕತ್ತಿಗೇರಿ, ಕಿವಿ ಸುಟ್ಟು, ಬೆವರಾಗಿ ಬೆನ್ನಿಗಿಳಿಯಿತು. ಬೆಳಗಿನಿಂದ ಇದು ನಾಲ್ಕನೇ ಸಲ. ನೋಡಿದವರು ದುಃಖ ಅಂದುಕೊಂಡರು. ಏಳು ತಿಂಗಳಿಂದ ನೆಟ್ಟಗೆ ನಿದ್ದೆಯಿಲ್ಲ. ಹೋದ ವಾರ ಬಿಪಿ ಮಾತ್ರೆ ಕೇಳಿದವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟಿದ್ದಳು. ಪುಣ್ಯಕ್ಕೆ ಅವರೇ ಓದಿ ಹಿಂದಿರುಗಿಸಿದರು. ಮುಟ್ಟು ಇನ್ನೂ ಆಗೀಗ ಬರುತ್ತಿದ್ದುದರಿಂದ ಇದು ಮುಟ್ಟು ನಿಲ್ಲುವ ತೊಂದರೆಯಲ್ಲ, ತಲೆಯೇ ಕೈಕೊಡುತ್ತಿದೆ ಎಂದು ತೀರ್ಮಾನಿಸಿದ್ದಳು. ಸೋಮವಾರ ಕೊಡಬೇಕಾದ ರಾಜೀನಾಮೆ ಪತ್ರ ಕೈಚೀಲದಲ್ಲಿತ್ತು.

"ನಿಮ್ಮಮ್ಮನ ಆಫೀಸಲ್ಲಿ ಲಿಫ್ಟ್ ರಿಪೇರಿ ಮಾಡ್ತಿದ್ದೋನು ನಾನು," ಎನ್ನುತ್ತಾ ಮುದುಕರೊಬ್ಬರು ಹತ್ತಿರ ಬಂದರು. "ಒಂದು ವರ್ಷವಂತೂ ಹನ್ನೊಂದು ಸಲ ಬಂದಿದ್ದೆ. ಮೂರು-ನಾಲ್ಕನೇ ಮಹಡಿ ಮಧ್ಯೆ ನಿಂತುಬಿಡ್ತಿತ್ತು."

"ಹಳೇ ಲಿಫ್ಟ್ ಅಂತಿದ್ಲು ಅಮ್ಮ."

"ಲಿಫ್ಟಿಗೇನಾಗಿತ್ತು? ಒಳಗೆ ಯಾರೂ ಇಲ್ಲದಾಗ ಅವರೇ ಕೆಂಪು ಬಟನ್ ಒತ್ತಿ ನಿಲ್ಲಿಸ್ತಿದ್ರು. ಬಾಗಿಲು ತೆಗೆದ್ರೆ ಸ್ಟೂಲ್ ಮೇಲೆ ಕೂತಿರೋರು, ಮುಖವೆಲ್ಲ ನೀರು. 'ಐದು ನಿಮಿಷ ಯಾರೂ ನನ್ನ ನೋಡಬಾರದು, ಅಷ್ಟೇ' ಅಂದ್ರು. ನಾನು ಬುಕ್ಕಲ್ಲಿ 'ವೈರ್ ಸಡಿಲ' ಅಂತ ಬರೆದು ಹೋಗ್ತಿದ್ದೆ. ಏನು ಕಷ್ಟವೋ, ನಾನೂ ಕೇಳಲಿಲ್ಲ."

*

ಆ ವರ್ಷ ಮಗಳಿಗೆ ಇಪ್ಪತ್ತು. ಕೆಲಸದಿಂದ ಬಂದ ಅಮ್ಮ ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ಮುಖವಿಟ್ಟು ನಿಲ್ಲುತ್ತಿದ್ದಳು.

"ಮುಚ್ಚಮ್ಮ, ಹಾಲು ಕೆಡುತ್ತೆ."

ಅಮ್ಮ ಎಸೆದ ಹಾಲಿನ ಪಾತ್ರೆ ಗೋಡೆಗೆ ಬಡಿಯಿತು. ಮಗಳು ಚಿಕ್ಕಮ್ಮನಿಗೆ ಫೋನ್ ಮಾಡಿ, "ಅಮ್ಮಂಗೆ ತಲೆ ಕೆಟ್ಟಿದೆ," ಎಂದಳು. ತಿರುಗಿ ನೋಡಿದರೆ, ನೆಲ ಒರೆಸುವ ಬಟ್ಟೆ ಹಿಡಿದು ಅಮ್ಮ ಹಿಂದೆಯೇ ನಿಂತಿದ್ದಳು.

ಅಂದಿನಿಂದ ಅಮ್ಮ ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಲ್ಲಿಯ ಸದ್ದು ಮಾತ್ರ ಕೇಳುತ್ತಿತ್ತು.

*

ಹೊತ್ತವರು ಕೆಳಗಿನ ತಿರುವು ದಾಟಿದರು.

"ನನ್ನ ಮಂಡಿಗೆ ಈ ಮೆಟ್ಟಿಲು ಆಗಲ್ಲ ಕಣೇ, ಲಿಫ್ಟಲ್ಲೇ ಹೋಗೋಣ," ಎಂದರು ಚಿಕ್ಕಮ್ಮ.

ಮಗಳು ಮೊದಲು ಒಳಹೊಕ್ಕಳು. ನಾಲ್ಕು ಕಡೆಯೂ ತಗಡು. ಬಿಸಿ ಮತ್ತೆ ಎದೆಯಿಂದೆದ್ದಿತು. ಕೈ ತಾನಾಗಿ ಕೆಂಪು ಬಟನ್ನಿನತ್ತ ಹೋಯಿತು.

"ಚಿಕ್ಕಮ್ಮ, ನಂಗೂ ತಲೆ ಕೆಡ್ತಿದೆ."

ಹೊಸ್ತಿಲಲ್ಲಿ ಒಂದು ಕಾಲಿಟ್ಟಿದ್ದ ಚಿಕ್ಕಮ್ಮ ಅಲ್ಲೇ ನಿಂತರು. ಒದ್ದೆಯಾದ ಕತ್ತು, ಕೆಂಪಾದ ಮುಖ ನೋಡಿದರು.

"ತಲೆ ಅಲ್ಲ ಕಣೇ. ಮುಟ್ಟು ನಿಲ್ಲೋ ಕಾಲ."

"ಇನ್ನೂ ನಿಂತಿಲ್ಲ."

"ನಿಲ್ಲೋಕೆ ಮುಂಚೆನೇ ವರ್ಷಗಟ್ಟಲೆ ಆಟ ಆಡಿಸುತ್ತೆ. ನಾನೂ ಹುಚ್ಚು ಹಿಡೀತು ಅಂದ್ಕೊಂಡಿದ್ದೆ. ಡಾಕ್ಟರ್ ಹತ್ರ ಹೋದ್ಮೇಲೆ ಸುಧಾರಿಸ್ತು."

"ಅಮ್ಮಂಗೆ ಹೇಳಿದ್ಯಾ?"

"ನಂಗೆ ಶುರುವಾದಾಗ ಅವಳದ್ದು ಮುಗಿದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ."

ಬಾಗಿಲು ಮುಚ್ಚಲು ಬಂದು ಚಿಕ್ಕಮ್ಮನ ಚಪ್ಪಲಿಗೆ ತಾಗಿ ಹಿಂದೆ ಸರಿಯಿತು.

"ಸೋಮವಾರ ಕೆಲಸ ಬಿಡೋಣ ಅಂತ ಪತ್ರ ಬರೆದಿಟ್ಟಿದ್ದೀನಿ."

"ಸೋಮವಾರ ಡಾಕ್ಟರ್ ಹತ್ರ ಹೋಗೋಣ. ಪತ್ರ ಇತ್ಲಾಗೆ ಕೊಡು."

ಕೆಳಗಿನಿಂದ ಯಾರೋ ಕೂಗಿದರು: "ಲಿಫ್ಟ್ ಯಾಕೆ ನಿಂತಿದೆ? ವ್ಯಾನ್ ಕಾಯ್ತಿದೆ!"

ಮೆಟ್ಟಿಲ ಬಳಿಯಿದ್ದ ಮುದುಕರು ಕಂಬಿಯ ಮೇಲೆ ಬಗ್ಗಿದರು.

"ವೈರ್ ಸಡಿಲ," ಎಂದು ಕೂಗಿ ಹೇಳಿದರು. "ಐದು ನಿಮಿಷ."

ಬಾಗಿಲು ಮತ್ತೆ ಮುಚ್ಚಲು ಬಂತು. ಚಿಕ್ಕಮ್ಮ ಕಾಲು ತೆಗೆಯಲಿಲ್ಲ.