ರಾಯ್‌ನ ಮಗಳಿಗೆ ಸುದ್ದಿ ಮುಟ್ಟಿಸಲು

ಕ್ರಿಸ್‌ಮಸ್‌ಗೆ ನಮಗೆಲ್ಲ ಎರಡು ದಿನ ರಜೆ. ಲಾಸ್ ಏಂಜಲಿಸ್‌ನಲ್ಲಿ ಬೀದಿಯಲ್ಲಿ ಮಲಗುವವರಿಗೆ ಊಟ ಹಾಕುವ ಆ ಹಳೆಯ ಮನೆಯಲ್ಲಿ, ಬೇರೆ ಬೇರೆ ದೇಶಗಳಿಂದ ಬಂದ ಸ್ವಯಂಸೇವಕರು ಒಟ್ಟಿಗೇ ವಾಸವಾಗಿದ್ದೆವು. ಚಿತ್ರದುರ್ಗದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ನಾನು ಒಂದು ವರ್ಷದ ಮಟ್ಟಿಗೆ ಹೋಗಿದ್ದೆ. ಉಳಿದವರೆಲ್ಲ ನನ್ನ ಶಿಷ್ಯರ ವಯಸ್ಸಿನವರು. ಕೆಳಗೆ ಅಡುಗೆಮನೆ. ಇನ್ನು ಮಾಡುವುದೇನೂ ಇಲ್ಲವೆಂದು ಆಸ್ಪತ್ರೆಯವರು ಕೈಬಿಟ್ಟ, ಹೋಗಲು ಮನೆಯೂ ಇಲ್ಲದವರಿಗೆ ಮೇಲೆ ಕೆಲವು ಕೋಣೆಗಳು.

2013ರ ಡಿಸೆಂಬರಿನಲ್ಲಿ ಅಲ್ಲೊಂದು ಕೋಣೆಯಲ್ಲಿ ರಾಯ್ ಇದ್ದ. ಲಾರಿ ಓಡಿಸುತ್ತಿದ್ದವನು. ಲಿವರ್ ಕೆಟ್ಟು ಹೊಟ್ಟೆ ಊದಿಕೊಂಡಿತ್ತು, ಕೈಕಾಲು ಕಡ್ಡಿಯಾಗಿದ್ದವು. ಅವನಿಗೆ ಗಂಜಿ ಕುಡಿಸುವುದು, ಬಾಯಿ ಒರೆಸುವುದು ನನ್ನ ಪಾಲಿನ ಕೆಲಸ. ಗಂಜಿ ಸಪ್ಪೆಯಾಗಿದ್ದರೂ ಪ್ರತಿ ಸಲ ಥ್ಯಾಂಕ್ಸ್ ಹೇಳುತ್ತಿದ್ದ. ಅಷ್ಟಕ್ಕೇ ನನಗೆ ಅವನ ಮೇಲೆ ಮಮತೆ ಬಂದಿತ್ತು.

ನಾನು ರಜೆಗೆ ಹೊರಡುವ ಹಿಂದಿನ ದಿನ ಅವನು ಸೆರಗು ಹಿಡಿದು ನಿಲ್ಲಿಸಿದ.

"ಟೀಚರ್, ಸ್ಯಾನ್ ಡಿಯಾಗೋಗೆ ಹೋಗ್ತೀರಂತೆ. ನನ್ನ ಮಗಳು ಅಲ್ಲೇ ಇರೋದು. ಲೊರೇನ್."

"ಫೋನ್ ಮಾಡಿ ಕರೆಯೋಣ."

"ನನ್ನ ಧ್ವನಿ ಕೇಳಿದ್ರೆ ಇಟ್ಟುಬಿಡ್ತಾಳೆ. ಒಂದ್ಸಲ ನೋಡಬೇಕು. ಕರ್ಕೊಂಡು ಬರ್ತೀರಾ?"

"ಬರ್ತೀನಿ" ಎಂದೆ. ಪ್ರಯತ್ನ ಮಾಡುತ್ತೇನೆ ಎನ್ನಲಿಲ್ಲ, ಬರ್ತೀನಿ ಎಂದೇ ಅಂದೆ. ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಕಳೆ ಬಂತು.

ನಮ್ಮಲ್ಲಿ ಇಂಥ ಸುದ್ದಿಯನ್ನು ಯಾರಾದರೂ ಖುದ್ದಾಗಿ ಹೋಗಿ ಬಾಗಿಲಲ್ಲಿ ನಿಂತು ಹೇಳಬೇಕು. ಹೇಳಿದವರು ಒಳಗೆ ಕೂರುವುದಿಲ್ಲ. ಕೇಳಿಸಿಕೊಂಡವರು ಎಷ್ಟೇ ಮುನಿಸಿದ್ದರೂ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಆಸ್ತಿ ಜಗಳದಲ್ಲಿ ಮಾತು ಬಿಟ್ಟಿದ್ದ ನನ್ನ ಇಬ್ಬರು ಮಾವಂದಿರು ತಮ್ಮ ತಾಯಿಯ ಬಾಯಿಗೆ ಒಂದೇ ಲೋಟದಿಂದ ನೀರು ಬಿಟ್ಟದ್ದನ್ನು ನಾನೇ ನೋಡಿದ್ದೆ. ಬಾರದೆ ಉಳಿದ ಮಗಳನ್ನು ನಾನು ಕಂಡಿರಲಿಲ್ಲ.

ಸ್ಯಾನ್ ಡಿಯಾಗೋ ಹತ್ತಿರದ ಸೊಲಾನಾ ಬೀಚ್ ಸ್ಟೇಷನ್ನಿಗೆ ಅಕ್ಕನ ಮಗಳು ದೀಪ್ತಿ, ಅವಳ ಗಂಡ ರಜತ್ ಬಂದಿದ್ದರು. ರ್‍ಯಾಂಚೊ ಪೆನಾಸ್ಕಿಟೋಸ್‌ನ ಅವರ ಮನೆಯಲ್ಲಿ ಊಟ ಮಾಡುವಾಗ ವಿಷಯ ಹೇಳಿದೆ. ದೀಪ್ತಿ ಸೌಟು ಹಿಡಿದವಳು ಹಾಗೇ ನಿಂತಳು.

"ಚಿಕ್ಕಮ್ಮ, ಇಲ್ಲಿ ಯಾರ ಮನೆಗೂ ಹಾಗೆ ಹೇಳದೆ ಕೇಳದೆ ಹೋಗೋ ಹಾಗಿಲ್ಲ. ಅದೂ ಕ್ರಿಸ್‌ಮಸ್ ದಿನ!"

"ಸಾಯೋ ಸುದ್ದೀನ ಅಪಾಯಿಂಟ್‌ಮೆಂಟ್ ತಗೊಂಡು ಹೇಳ್ತಾರೇನೆ?"

"ನಿಮ್ಮ ಚಿಕ್ಕಮ್ಮನಿಗೆ ಎರಡು ದಿನ ರಜೆ ಕೊಟ್ರೂ ಡ್ಯೂಟಿ ಬಿಡಲ್ಲ" ಎಂದು ರಜತ್ ನಕ್ಕ. "ಬನ್ನಿ ಚಿಕ್ಕಮ್ಮ, ನಾನು ಡ್ರೈವ್ ಮಾಡ್ತೀನಿ. ಪೊಲೀಸ್ ಕರೆದ್ರೆ ಮಾತ್ರ ನೀವು ಯಾರೋ ನನಗೆ ಗೊತ್ತಿಲ್ಲ."

ಬರಿಗೈಯಲ್ಲಿ ಹೋಗಬಾರದೆಂದು ದೀಪ್ತಿ ರವೆ ಉಂಡೆಯ ಡಬ್ಬಿ ಕೊಟ್ಟಳು. ಇಂಥ ಸುದ್ದಿಯ ಜೊತೆ ಸಿಹಿ ಕೊಂಡೊಯ್ಯುವುದುಂಟೆ? ಕಾರಿನಲ್ಲೇ ಬಿಟ್ಟು ಇಳಿದೆ.

ರಾಯ್ ಕೊಟ್ಟಿದ್ದ ಫೋನ್ ನಂಬರಿನಿಂದ ರಜತ್ ವಿಳಾಸ ಹುಡುಕಿದ್ದ. ಎಲ್ ಕಹೋನ್‌ನ ಬೋಳುಗುಡ್ಡದ ಕೆಳಗಿನ ಸಣ್ಣ ಮನೆ. ಬಾಗಿಲು ತೆರೆದವಳಿಗೆ ನಲವತ್ತರ ಆಸುಪಾಸು. ಅವಳ ಹಿಂದೆ ಒಂದು ಪುಟ್ಟ ಹುಡುಗಿ, ಹೊಸ ಸೈಕಲ್ ಸಿಕ್ಕಿತ್ತೇನೋ, ಮನೆಯೊಳಗೇ ಹೆಲ್ಮೆಟ್ ಹಾಕಿಕೊಂಡು ನಿಂತಿತ್ತು. ಗಲ್ಲದ ನಡುವೆ ರಾಯ್‌ನದೇ ಕುಳಿ.

"ನಿಮ್ಮ ತಂದೆ ಕೊನೇ ಗಳಿಗೆಯಲ್ಲಿದ್ದಾರೆ. ನೋಡಬೇಕಂತೆ" ಎಂದೆ.

ಲೊರೇನ್ ಮಗುವನ್ನು ಒಳಗೆ ಕಳಿಸಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ನನ್ನ ವಯಸ್ಸು ಅವಳ ಕಣ್ಣಿಗೆ ಬಿತ್ತು. ಗೋಡೆಗೆ ಒರಗಿಸಿದ್ದ ಮಡಿಚುವ ಕುರ್ಚಿ ಬಿಡಿಸಿ, ಅದರ ಮೇಲಿದ್ದ ಧೂಳನ್ನು ತನ್ನ ಹೊಸ ಸ್ವೆಟರಿನ ತೋಳಿನಿಂದಲೇ ಒರೆಸಿ, ಕೂರಿ ಎಂದಳು. ಕೂತೆ.

"ನಮ್ಮಮ್ಮ ಸಾಯುವಾಗ ನನಗೆ ಹನ್ನೆರಡು, ಮ್ಯಾಮ್. ಸರ್ಕಾರಿ ಆಸ್ಪತ್ರೆ. ಅಪ್ಪ ಬಂದ. ಅಮ್ಮನ ಪರ್ಸಿನಿಂದ ಕಾರಿನ ಕೀ ತಗೊಂಡ. ತಮ್ಮನ್ನ ನೋಡಿಕೋ, ಈಗ ಬಂದೆ ಅಂದ. ನಾವಿಬ್ಬರು ಕಾರಿಡಾರಿನಲ್ಲೇ ಕೂತಿದ್ದೆವು. ಅಮ್ಮ ಹೋದ ಮೇಲೂ ಕೂತಿದ್ದೆವು. ಅವನು ಬರ್ತಾನಲ್ಲ ಅಂತ."

ಅವಳ ಧ್ವನಿ ಏರಲಿಲ್ಲ. ನಾನು ಅಲ್ಲಿಗೇ ಏಳಬೇಕಿತ್ತು.

"ಎಷ್ಟಾದರೂ ತಂದೆ" ಎಂದೆ. "ನಮ್ಮ ಕಡೆ ಎಲ್ಲರೂ ಹೋಗ್ತಾರೆ."

"ಹೋಗೋಕೆ ಮನಸ್ಸಿಲ್ಲದವರು?"

"ಅವರೂ ಹೋಗ್ತಾರೆ."

"ಪಾಪ" ಎಂದಳು.

ಅವಳು ಒಳಗೆ ಹೋಗಿ ನೀರು ತಂದುಕೊಟ್ಟಳು. ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು.

"ಒಂದು ಕೇಳಿಕೊಳ್ತೀನಿ. ನನ್ನ ವಿಷಯ ಅವನಿಗೆ ಏನೂ ಹೇಳಬೇಡಿ. ಈ ಮನೆ, ಈ ಮಗು, ಏನೂ. ಅವನು ಕಿತ್ತುಕೊಳ್ಳದೆ ಉಳಿದದ್ದು ನನಗೆ ಇಷ್ಟೇ."

ಮಾತು ಕೊಟ್ಟೆ. ಆ ಕುರ್ಚಿ ಮೇಲೆ ಕೂತು, ಆ ನೀರು ಕುಡಿದು, ಕೊಡದಿರುವುದು ಹೇಗೆ?

ಮನೆ ಇನ್ನೂ ದೂರವಿರುವಾಗಲೇ ರಜತ್ ಕಾರು ನಿಲ್ಲಿಸಿ, "ಸಮುದ್ರ ನೋಡ್ತೀರಾ ಚಿಕ್ಕಮ್ಮ?" ಎಂದ. ಬೇಡವೆಂದೆ. ಮಾರನೆಯ ದಿನ ರೈಲು ಹತ್ತಿದೆ.

ನಾನು ಕೋಣೆಗೆ ಹೋಗುವಷ್ಟರಲ್ಲಿ ರಾಯ್ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತಿದ್ದ. ಅಡುಗೆಯ ಮಾರ್ತಾ ಅವನಿಗೆ ಗಡ್ಡ ಹೆರೆದು ಕೊಟ್ಟಿದ್ದಳು. ಅವನ ಕಣ್ಣು ನನ್ನನ್ನು ದಾಟಿ ಬಾಗಿಲಿಗೆ ಹೋಯಿತು.

"ಬರಲಿಲ್ಲ, ರಾಯ್. ಬರೋದೂ ಇಲ್ಲ."

ಅವನು ಮೆಲ್ಲಗೆ ತಲೆಯಾಡಿಸಿದ. ನಿರೀಕ್ಷಿಸಿದ್ದನೋ ಏನೋ.

"ಮುಖ ನೋಡಿದ್ರಾ?"

"ನೋಡಿದೆ."

"ಹೇಗಿದ್ದಾಳೆ? ಮಕ್ಕಳಿದ್ದಾರಾ?"

ಆ ಹೆಲ್ಮೆಟ್ಟು, ಆ ಗಲ್ಲದ ಕುಳಿ ನನ್ನ ಕಣ್ಣ ಮುಂದೆಯೇ ಇದ್ದವು. ಮಗು ಇದೆ, ನಿನ್ನದೇ ಗಲ್ಲ ಎಂದರೆ ಆ ಮನುಷ್ಯ ನಗುನಗುತ್ತಾ ಸಾಯುತ್ತಿದ್ದ.

"ಏನೂ ಹೇಳಬಾರದು ಅಂತ ಮಾತು ತಗೊಂಡಿದ್ದಾಳೆ."

"ನಾನು ಸಾಯ್ತಾ ಇದೀನಿ, ಟೀಚರ್."

"ಗೊತ್ತು."

"ಒಂದೇ ಒಂದು. ಮಕ್ಕಳಿದ್ದಾರಾ ಇಲ್ವಾ, ಅಷ್ಟೇ. ಇಷ್ಟು ದಿನ ಬಾಯಿ ಒರೆಸಿದ್ರಲ್ಲ, ಅಷ್ಟು ಹೇಳೋಕೆ ಆಗಲ್ವಾ?"

ನಾನು ಅವನ ಹೊದಿಕೆ ಸರಿಮಾಡಿದೆ. ಅವನು ಇನ್ನೊಂದು ಸಲ ಕೇಳಿದ, ಬೇಡಿದ. ಆಮೇಲೆ ಮಂಚದ ಪಕ್ಕದ ಲೋಟ ಎಸೆದ. ಎಸೆಯಲು ಶಕ್ತಿ ಸಾಲದೆ ಅದು ಅವನ ಹೊದಿಕೆಯ ಮೇಲೇ ಉರುಳಿತು. ಒದ್ದೆಯಾದದ್ದನ್ನು ತೆಗೆಯಲು ಬಗ್ಗಿದೆ.

"ಮುಟ್ಟಬೇಡ! ಹೋಗು ಆಚೆ. ಮಾರ್ತಾ, ಈ ಮುದುಕೀನ ಇನ್ನು ಒಳಗೆ ಬಿಡಬೇಡ."

ಹೊರಗೆ ಬಂದೆ. ಮಾರ್ತಾ ಹೊದಿಕೆ ಬದಲಿಸಿ ಬಂದು, ಅಡುಗೆಮನೆಯಿಂದ ಕುರ್ಚಿ ಹೊತ್ತು ತಂದು ಬಾಗಿಲ ಪಕ್ಕ, ಅವನಿಗೆ ಕಾಣದ ಕಡೆ ಹಾಕಿದಳು. ರಜೆ ಮುಗಿಯುವವರೆಗೂ, ಮುಗಿದ ಮೇಲೆ ತರಕಾರಿ ಹೆಚ್ಚುವ ಕೆಲಸದ ನಡುವೆ ಬಿಡುವಾದಾಗಲೆಲ್ಲ, ಅಲ್ಲೇ ಕೂರುತ್ತಿದ್ದೆ. ಗಂಜಿ ನಾನು ಮಾಡುತ್ತಿದ್ದೆ, ಮಾರ್ತಾ ಕುಡಿಸುತ್ತಿದ್ದಳು.

"ಆ ಮುದುಕಿ ಹೋದಳಾ?" ಎಂದು ಅವನು ಕೇಳುವುದು ಕೇಳಿಸುತ್ತಿತ್ತು.

"ಆಗಲೇ ಹೋದಳಲ್ಲ" ಎನ್ನುತ್ತಾ ಮಾರ್ತಾ ಹೊರಗೆ ಬಂದು ನನ್ನ ಕೈಗೆ ಬಿಸಿ ಟೀ ಇಡುತ್ತಿದ್ದಳು.

ಭಾನುವಾರ ಬೆಳಿಗ್ಗೆ, ಕೆಳಗೆ ತಿಂಡಿಯ ಸಾಲಿನಲ್ಲಿ ಜನ ಗಲಾಟೆ ಮಾಡುತ್ತಿದ್ದಾಗ ಅವನ ಉಸಿರಿನ ಸದ್ದು ಬದಲಾಯಿತು. ಮಾರ್ತಾ ಒಳಗೆ ಓಡಿದಳು. ಒದ್ದೆ ಹತ್ತಿಯಿಂದ ಅವನ ತುಟಿ ಒರೆಸುತ್ತಾ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಆಮೇಲೆ ಆ ಮಾತೂ ನಿಂತಿತು.

ಅವಳು ಬಾಗಿಲು ಪೂರ್ತಿ ತೆರೆದು, "ಬನ್ನಿ, ಈಗ ಬರಬಹುದು" ಎಂದಳು.

ಹೊಸ್ತಿಲವರೆಗೆ ಹೋದೆ. ಒಳಗೆ ಕಾಲಿಡಲಿಲ್ಲ. ಬರಬೇಡವೆಂದವನು ಅವನು, ಬಾ ಎನ್ನಲು ಇನ್ನು ಅವನಿಲ್ಲ.