ಸವೆದ ಅಂಚು

ಶೌರ್ಯಪದಕದ ಅಂಚಿನಲ್ಲಿದ್ದ ಒಬ್ಬ ಅಡುಗೆಯವನ ಹೆಸರನ್ನು ಅರದಿಂದ ಉಜ್ಜಿ ತೆಗೆದು, ಅದೇ ಜಾಗದಲ್ಲಿ ಒಬ್ಬ ಮೇಜರರ ಹೆಸರು ಕೆತ್ತಲಾಯಿತು. ಕೆತ್ತಿದವನು ನಾನು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಸೈನ್ಯದ ಪದಕಗಳಿಗೆಲ್ಲ ಹೆಸರು ಬೀಳುವುದು ನಮ್ಮ ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ. ಪದಕದ ಮುಖವೆಲ್ಲ ದೇಶದ ಲಾಂಛನಕ್ಕೆ. ಮನುಷ್ಯನಿಗೆ ಉಳಿಯುವುದು ಅಂಚು, ಬೆಂಕಿಕಡ್ಡಿಯಷ್ಟು ದಪ್ಪದ ಜಾಗ. ಆ ಅಡುಗೆಯವನ ಹೆಸರು ಕೆತ್ತಿದ್ದೂ ನಾನೇ. ಗುಂಡು ಹಾರುತ್ತಿದ್ದಾಗ ಪಾತ್ರೆ ಸಾಗಿಸುವ ಕೈಗಾಡಿಯಲ್ಲಿ ಗಾಯಾಳುಗಳನ್ನು ಹೇರಿಕೊಂಡು ನಾಲ್ಕು ಸಲ ಹೋಗಿ ಬಂದ ಎಂದು ಜತೆಗಿದ್ದ ಹಾಳೆ ಹೇಳುತ್ತಿತ್ತು. ಉದ್ದ ಹೆಸರು. ಅಕ್ಷರ ಸಣ್ಣದು ಮಾಡಿ ಹೇಗೋ ಕೂರಿಸಿದ್ದೆ. ಎರಡು ವಾರದಲ್ಲಿ ಪದಕ ವಾಪಸ್ ಬಂತು. ಹೊಸ ಹಾಳೆಯಲ್ಲಿ ಅದೇ ಕೈಗಾಡಿ, ಅದೇ ನಾಲ್ಕು ಸಲ. ಹೆಸರು ಮಾತ್ರ ಬೇರೆ.

"ಏನ್ ಸಾರ್ ಇದು, ಮೇಜರು ಕೈಗಾಡಿ ತಳ್ಳಿದ್ರಾ?" ಎಂದು ಸಾಹೇಬರನ್ನು ಕೇಳಿದ್ದೆ. ಆಗ ಅವರು ವಿಭಾಗಕ್ಕೆ ಹೊಸಬರು.

"ಸೌಟು ಹಿಡಿದವನಿಗೆ ಶೌರ್ಯಪದಕ ಕೊಟ್ರೆ ಬಂದೂಕು ಹಿಡಿದವರು ಮುಖ ಎಲ್ಲಿಡ್ಬೇಕಯ್ಯಾ? ನಾಳೆ ಸಮಾರಂಭ, ಬೇರೆ ಪದಕ ತಯಾರಿಲ್ಲ. ಉಜ್ಜು."

ಉಜ್ಜಿದೆ. ಮೇಲಿನವರು ತಮ್ಮ ಕೈ ಕೊಳೆ ಮಾಡಿಕೊಳ್ಳುವುದಿಲ್ಲ. ಅದಕ್ಕೇ ಸಂಬಳ ಕೊಟ್ಟು ನಮ್ಮಂಥವರ ಕೈ ಇಟ್ಟುಕೊಂಡಿರುತ್ತಾರೆ. ಇದು ಆಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಉಜ್ಜಿದೆ. ಆ ವರ್ಷವೇ ನನಗೂ ಒಂದು ಪದಕ ಬಂತು, ವಿಶಿಷ್ಟ ಸೇವೆಗೆ. ಅದರ ಅಂಚಿಗೆ ನನ್ನ ಹೆಸರನ್ನು ನಾನೇ ಕೆತ್ತಿಕೊಂಡೆ. ಹೆಂಡತಿ ಅದನ್ನು ನಡುಮನೆಯ ಗೋಡೆಗೆ ತೂಗುಹಾಕಿದಳು. ಅಂದಿನಿಂದ ಆ ಗೋಡೆಗೆ ಬೆನ್ನು ಹಾಕಿಯೇ ಉಣ್ಣುತ್ತಿದ್ದೇನೆ.

"ಬಂದೋರೆಲ್ಲ ನೋಡ್ತಾರೆ, ನೀವೊಬ್ರೇ ಕಣ್ಣೆತ್ತಲ್ಲ" ಎನ್ನುತ್ತಾಳೆ ಧೂಳು ಒರೆಸುವಾಗ. ಸಂಕೋಚದ ಸ್ವಭಾವ ಎಂದುಕೊಂಡಿದ್ದಾಳೆ, ಪಾಪ.

ಈಗ ಆ ಮೇಜರರ ಹೆಸರಿನಲ್ಲಿ ಒಂದು ಭವನ ಎದ್ದಿದೆ. ಪದಕ ಅಲ್ಲಿ ಗಾಜಿನ ಪೆಟ್ಟಿಗೆ ಸೇರಬೇಕು. ಅಷ್ಟರಲ್ಲಿ ಅಡುಗೆಯವನ ಮಗಳು ದೂರು ಕೊಟ್ಟಳು: ಮೊದಲು ಇದ್ದದ್ದು ನಮ್ಮಪ್ಪನ ಹೆಸರು. ಪರೀಕ್ಷಿಸಿ ಬರೆದುಕೊಡಿ ಎಂದು ಪದಕ ನಮ್ಮ ಕೋಣೆಗೇ ಬಂತು.

ಹಿಂದೆಯೇ ಆಕೆಯೂ ಬಂದಳು. ಆಸ್ಪತ್ರೆಯ ನರ್ಸು, ಪಾಳಿ ಮುಗಿಸಿ ನೇರ ಬಂದಿದ್ದಳು. ಸಾಹೇಬರು ಕುರ್ಚಿ ತೋರಿಸಲಿಲ್ಲ. ನಾನು ನನ್ನ ಸ್ಟೂಲು ಸರಿಸಿದೆ.

"ಅಪ್ಪ ಹೇಗಿದ್ದಾರಮ್ಮಾ?"

"ಕೈ ನಡುಕ ಸಾರ್. ತುತ್ತು ನಾನೇ ಇಡ್ಬೇಕು. ಬೀದೀಲಿ ಮಾತ್ರ ಇನ್ನೂ ಜನರಲ್ ಸೌಟಪ್ಪ. ಎದುರಿಗೆ ಬಂದೋರು ಸಲ್ಯೂಟ್ ಹೊಡೆದು ನಗ್ತಾರೆ." ಸೆರಗಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಸೈನ್ಯದಲ್ಲಿ ಪದಕ ಅಪ್ಪನ ಕೈಗೆ ಕೊಟ್ಟು ತೋರಿಸಿದ್ರಂತೆ. ಹೆಸರು ಓದ್ಕೊಂಡ್ರಂತೆ. ಆಮೇಲೆ ಇಸ್ಕೊಂಡು ಹೋದ್ರಂತೆ. ಅಮ್ಮ ಸಾಯೋವರೆಗೂ ನಂಬ್ಲಿಲ್ಲ. ನಾನೂ ಬಡಾಯಿ ಅಂತ್ಲೇ ಬೈದಿದೀನಿ. ಪದಕ ನಮಗೆ ಬೇಡ. ಅಪ್ಪ ಸುಳ್ಳು ಹೇಳಿಲ್ಲ ಅಂತ ಒಂದು ಸಾಲು ಬರ್ಕೊಡಿ, ಸಾಕು. ಅವರಿಗೆ ಓದಿ ಹೇಳ್ತೀನಿ."

"ಹೊರಗೆ ಬೆಂಚಿದೆ, ಕೂತಿರಮ್ಮಾ" ಎಂದರು ಸಾಹೇಬರು.

ಆಕೆ ಹೋದ ಮೇಲೆ ಪದಕವನ್ನೂ ಒಂದು ಟೈಪು ಮಾಡಿದ ಹಾಳೆಯನ್ನೂ ನನ್ನ ಮುಂದಿಟ್ಟರು. ಈ ಅಂಚಿನ ಮೇಲೆ ಒಂದೇ ಸಲ ಕೆತ್ತನೆ ನಡೆದಿದೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಖಾಲಿ ಜಾಗ.

ಅಂಚಿನುದ್ದಕ್ಕೂ ಹೆಬ್ಬೆರಳ ಉಗುರು ಎಳೆದೆ. ಹೆಸರು ಶುರುವಾಗುವಲ್ಲಿ ಉಗುರು ಕೂದಲೆಳೆಯಷ್ಟು ಕೆಳಗಿಳಿಯಿತು. ಮೇಜರರದು ಗಿಡ್ಡ ಹೆಸರು, ಬೇಗ ಮುಗಿಯಿತು. ಅರ ಉಜ್ಜಿದ ತಗ್ಗು ಮುಗಿಯಲಿಲ್ಲ. ಖಾಲಿ ಲೋಹದ ಮೇಲೆ ಇನ್ನೂ ಐದಾರು ಅಕ್ಷರದಷ್ಟು ದೂರ ಹೋಯಿತು, ಅಡುಗೆಯವನ ಹೆಸರು ಮುಗಿಯುತ್ತಿದ್ದಲ್ಲಿಯವರೆಗೆ. ಅದನ್ನು ಎಷ್ಟು ನುಣ್ಣಗೆ ಉಜ್ಜಿದ್ದೆ ಎಂದರೆ, ಆವತ್ತು ನನ್ನ ಕೆಲಸ ನೋಡಿ ನಾನೇ ಮೆಚ್ಚಿಕೊಂಡಿದ್ದೆ.

"ಉಗುರಿಗೆ ಸಿಗ್ತಿದೆ ಸಾರ್."

"ಉಗುರು ಕತ್ತರಿಸ್ಕೋ." ಸಾಹೇಬರು ಪೆನ್ನು ಮುಂದೆ ಚಾಚಿದರು. "ನಿವೃತ್ತಿಗೆ ನಾಲ್ಕು ತಿಂಗಳಿದೆ. ಮರ್ಯಾದೆಯಾಗಿ ಮನೆಗೆ ಹೋಗು. ಇದು ಹೊರಗೆ ಬಂದ್ರೆ ಮೊದಲು ಕೇಳೋದು ಯಾರು ಉಜ್ಜಿದ್ದು ಅಂತ. ಆ ಕೈ ನಿಂದು, ಮರೀಬೇಡ."

"ಮರೆತಿದ್ರೆ ಇಷ್ಟೊತ್ತಿಗೆ ಸಹಿ ಹಾಕಿರ್ತಿದ್ದೆ ಸಾರ್."

ಎದ್ದು ಬಾಗಿಲು ಪೂರ್ತಿ ತೆರೆದೆ. ಆಕೆ ಬೆಂಚಿನ ತುದಿಯಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ತಲೆಯೆತ್ತಿ ನೋಡಿದಳು. ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಮೊದಲು ಇದ್ದದ್ದು ಅಡುಗೆಯವರ ಹೆಸರು. ಉಜ್ಜಿದವನು ನಾನು. ಈ ಹಾಳೆಗೆ ನಾನು ಸಹಿ ಹಾಕಲ್ಲ."